ಬಿಸಿಲು, ಗಾಳಿ ನಮ್ಮ ಮಾತು ಕೇಳುವುದಿಲ್ಲ. ಹಾಗಾದರೆ ಗ್ರಿಡ್ ಹೇಗೆ ನಡೆಯುತ್ತದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಮೋಡ ಬಂದರೆ ಸೋಲಾರ್ ಇಳಿಯುತ್ತದೆ, ಗಾಳಿ ಯಾವಾಗ ನಿಲ್ಲುತ್ತದೋ ಹೇಳಲಾಗದು, ಇತ್ತ ಜನರ ಬಳಕೆಯೂ ಗಂಟೆಗೊಂದು ಥರ. ಇದನ್ನೆಲ್ಲ ಗ್ರಿಡ್, ಅಂದರೆ ಸ್ಥಾವರಗಳನ್ನೂ ಬಳಸುವವರನ್ನೂ ಜೋಡಿಸುವ ವಿದ್ಯುತ್ ಜಾಲ, ಹೇಗೆ ತಾಳಿಕೊಳ್ಳುತ್ತದೆ ಅನ್ನುವುದು ಮೊದಲನೆಯದು. ಸೋಲಾರ್, ಗಾಳಿ ವಿದ್ಯುತ್ ಜಾಸ್ತಿ ಆದಷ್ಟೂ ಕರೆಂಟ್ ಹೋಗುವುದೂ ಜಾಸ್ತಿ ಆಗುವುದಿಲ್ಲವೇ ಅನ್ನುವುದು ಎರಡನೆಯದು.

ನಾನು ಲೋಡ್ ಡಿಸ್ಪ್ಯಾಚ್ ಕೆಲಸದಲ್ಲಿ, ಅಂದರೆ ಬಳಕೆಗೆ ತಕ್ಕಂತೆ ಯಾವ ಸ್ಥಾವರ ಎಷ್ಟು ಓಡಬೇಕು ಎಂದು ಹೇಳುವ ಕೆಲಸದಲ್ಲಿ, ವರ್ಷಗಳಿಂದ ಇದ್ದೇನೆ. ನನಗೆ ಅನ್ನಿಸುವುದು ಇಷ್ಟು: ಏರಿಳಿತದ ಬಗ್ಗೆ ಜನ ಪಡುವ ಭಯ ಸ್ವಲ್ಪ ತಪ್ಪು ಜಾಗದಲ್ಲಿದೆ. ಮೊದಲೇ ಗೊತ್ತಿರುವ ಏರಿಳಿತವನ್ನು, ಅದು ಎಷ್ಟೇ ದೊಡ್ಡದಿರಲಿ, ಗ್ರಿಡ್ ನಿಭಾಯಿಸುತ್ತದೆ. ಹೇಳದೆ ಕೇಳದೆ ಸೆಕೆಂಡುಗಳಲ್ಲಿ ನಡೆದುಹೋಗುವ ಬದಲಾವಣೆಯೇ ಹೆಚ್ಚಾಗಿ ಗ್ರಿಡ್ಡನ್ನು ಕೆಡವುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದದ್ದು ಸುಲಭ.

ಮೊದಲು ಮೂಲ ವಿಷಯ. ಗ್ರಿಡ್ ಒಳಗೆ ವಿದ್ಯುತ್ತನ್ನು ಶೇಖರಿಸಿ ಇಡುವ ಜಾಗ ಇಲ್ಲ. ಈ ಕ್ಷಣ ಎಷ್ಟು ಬಳಕೆ ಇದೆಯೋ ಅಷ್ಟೇ ಉತ್ಪಾದನೆ ಈ ಕ್ಷಣವೇ ಆಗಬೇಕು. ತಕ್ಕಡಿ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಹೇಳುವುದು ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನುವ ಲೆಕ್ಕ. ಜಗತ್ತಿನ ಹೆಚ್ಚಿನ ಕಡೆ ಅದು 50 ಹರ್ಟ್ಜ್, ಉತ್ತರ ಅಮೆರಿಕದಲ್ಲಿ 60. ಲೋಡ್, ಅಂದರೆ ಒಟ್ಟು ಬಳಕೆ, ಜಾಸ್ತಿ ಆದರೆ ಇಳಿಯುತ್ತದೆ, ಉತ್ಪಾದನೆ ಜಾಸ್ತಿ ಆದರೆ ಏರುತ್ತದೆ. ನಮ್ಮ ಕಣ್ಣು ಯಾವಾಗಲೂ ಆ ಸಂಖ್ಯೆಯ ಮೇಲೇ ಇರುತ್ತದೆ. ಅದು 49.7ಕ್ಕೆ ಇಳಿದರೆ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಬಳಕೆ ಏರಿಳಿಯುವುದು ಹೊಸದಲ್ಲ. ಸೋಲಾರ್ ಪ್ಯಾನೆಲ್ ಬರುವ ಎಷ್ಟೋ ಮುಂಚೆಯೂ ಅದು ಹೀಗೇ ಇತ್ತು. 1990ರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ಆಡಿದವಲ್ಲ, ಆ ಪಂದ್ಯ ಮುಗಿದ ಕೂಡಲೇ ಬ್ರಿಟನ್ನಿನ ಲೋಡ್ ಸುಮಾರು 2,800 ಮೆಗಾವ್ಯಾಟ್ ಜಿಗಿಯಿತು. ಜನ ಟಿವಿ ಮುಂದಿನಿಂದ ಎದ್ದು ಒಟ್ಟಿಗೆ ಎಲೆಕ್ಟ್ರಿಕ್ ಕೆಟಲ್ ಹಾಕಿದ್ದರು, ಅಷ್ಟೇ. ದೊಡ್ಡ ವಿದ್ಯುತ್ ಸ್ಥಾವರವೊಂದು ಪೂರ್ತಿ ಕೊಡುವಷ್ಟು ಲೋಡ್ ಅದು. ಆದರೂ ಗ್ರಿಡ್ ನಿಂತಿತು. ಪಂದ್ಯ ಯಾವಾಗ ಮುಗಿಯಬಹುದು ಅನ್ನುವುದು ಗೊತ್ತಿತ್ತು, ಅದಕ್ಕೆ ತಕ್ಕ ಸಿದ್ಧತೆಯೂ ಇತ್ತು. ವೇಲ್ಸ್‌ನ ಡಿನೋರ್ವಿಗ್‌ನಲ್ಲಿ 1984ರಲ್ಲೇ ಬೆಟ್ಟದೊಳಗೆ ಪಂಪ್ಡ್ ಸ್ಟೋರೇಜ್ ಸ್ಥಾವರ ಶುರುವಾಗಿತ್ತು. ರಾತ್ರಿ ಕರೆಂಟ್ ಹೆಚ್ಚಾಗಿದ್ದಾಗ ನೀರನ್ನು ಮೇಲಿನ ಕೆರೆಗೆ ಎತ್ತಿಡುತ್ತಾರೆ. ಬೇಕಾದಾಗ ಕೆಳಕ್ಕೆ ಬಿಟ್ಟರೆ, ಮೊದಲೇ ತಿರುಗುತ್ತಿರುವ ಟರ್ಬೈನ್ ಕೆಲವೇ ಸೆಕೆಂಡುಗಳಲ್ಲಿ ಸಾವಿರ ಮೆಗಾವ್ಯಾಟ್ ದಾಟುತ್ತದೆ.

ಇನ್ನೂ ದೊಡ್ಡ ಉದಾಹರಣೆ ಭಾರತದ್ದು. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ, ಒಂಬತ್ತು ನಿಮಿಷ ಮನೆ ದೀಪ ಆರಿಸಿ ಎಂಬ ಕರೆ ಇತ್ತು. ಲೋಡ್ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31 ಸಾವಿರ! ಅಂದಾಜಿನ ಎರಡು ಪಟ್ಟಿಗೂ ಮೀರಿ ಇಳಿದು, ಮತ್ತೆ ಕೆಲವೇ ನಿಮಿಷದಲ್ಲಿ ಏರಿತು. ಜಲವಿದ್ಯುತ್ ಘಟಕಗಳನ್ನು ಮೊದಲೇ ಪೂರ್ತಿ ಓಡಿಸಿ ಇಟ್ಟುಕೊಂಡು, ಆ ಹೊತ್ತಿಗೆ ಸರಿಯಾಗಿ ಇಳಿಸಿ, ಮತ್ತೆ ಏರಿಸಿದರು. ಫ್ರೀಕ್ವೆನ್ಸಿ 49.7 ಮತ್ತು 50.26ರ ನಡುವೆಯೇ ಉಳಿಯಿತು. ಈ ಕೆಲಸ ಮಾಡುವವರಿಗೆ ಅದೊಂದು ಹೆಮ್ಮೆಯ ರಾತ್ರಿ ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ.

ಬಿಸಿಲಿನ ವಿಷಯಕ್ಕೂ ಇದೇ ಮಾತು. ಸೂರ್ಯ ಮುಳುಗುವುದು ಅಪಘಾತವಲ್ಲ, ನಿಮಿಷದ ಲೆಕ್ಕಕ್ಕೆ ಮೊದಲೇ ಗೊತ್ತು. 2015ರ ಮಾರ್ಚ್ 20ರಂದು ಯುರೋಪಿನ ಮೇಲೆ ಸೂರ್ಯಗ್ರಹಣ ಆಯಿತು. ಜರ್ಮನಿ, ಇಟಲಿಯಲ್ಲಿ ಆಗಲೇ ಸೋಲಾರ್ ಬಹಳ ಇತ್ತು. ಬಿಸಿಲು ಕಡಿಮೆ ಆಗುವಾಗಿನದಕ್ಕಿಂತ ಅದು ವಾಪಸ್ ಬರುವಾಗಿನ ವೇಗ ಹೆಚ್ಚು ಚಿಂತೆಯ ವಿಷಯವಾಗಿತ್ತು. ತಿಂಗಳುಗಟ್ಟಲೆ ಮೊದಲೇ ದೇಶದೇಶದ ಗ್ರಿಡ್‌ನವರು ಕೂತು ಲೆಕ್ಕ ಹಾಕಿದರು, ಹೆಚ್ಚುವರಿ ರಿಸರ್ವ್, ಅಂದರೆ ಬೇಕೆಂದಾಗ ಏರಿಸಲು ಇಳಿಸಲು ಸಿದ್ಧವಿರುವ ಉತ್ಪಾದನೆ, ಇಟ್ಟರು. ದೀಪ ಮಿನುಗಲೂ ಇಲ್ಲ.

ಮೋಡ, ಗಾಳಿಯನ್ನು ಅಷ್ಟು ನಿಖರವಾಗಿ ಹೇಳಲಾಗದು, ನಿಜ. ಆದರೆ ಒಂದು ಪ್ಯಾನೆಲ್ ಮೇಲೆ ಮೋಡ ಬರುವುದಕ್ಕೂ ಒಂದು ದೇಶದ ಎಲ್ಲ ಪ್ಯಾನೆಲ್‌ಗಳ ಮೇಲೆ ಒಟ್ಟಿಗೆ ಮೋಡ ಬರುವುದಕ್ಕೂ ತುಂಬ ಅಂತರ ಇದೆ ಅಲ್ವಾ? ಇಲ್ಲಿ ಇಳಿದಾಗ ಅಲ್ಲಿ ಏರಿರುತ್ತದೆ. ಜಾಗ ದೊಡ್ಡದಾದಷ್ಟೂ ಒಟ್ಟು ಗೆರೆ ನಯವಾಗುತ್ತದೆ. ಉದ್ದದ ಲೈನ್‌ಗಳು ಬೇಕಾಗುವುದು ಇದಕ್ಕೇ. 2021ರಲ್ಲಿ ಶುರುವಾದ ನಾರ್ವೆ–ಬ್ರಿಟನ್ ಕೇಬಲ್ ಸಮುದ್ರದಡಿ 720 ಕಿಲೋಮೀಟರ್ ಸಾಗಿ 1,400 ಮೆಗಾವ್ಯಾಟ್ ಒಯ್ಯುತ್ತದೆ. ಬ್ರಿಟನ್ನಿನಲ್ಲಿ ಗಾಳಿ ಜೋರಾಗಿದ್ದಾಗ ನಾರ್ವೆ ತನ್ನ ಅಣೆಕಟ್ಟಿನ ನೀರು ಉಳಿಸಿಕೊಳ್ಳುತ್ತದೆ. ಗಾಳಿ ಬಿದ್ದಾಗ ಆ ನೀರು ಕರೆಂಟ್ ಆಗಿ ಬರುತ್ತದೆ.

ಈಗ ನಿಜವಾಗಿ ಕಷ್ಟದ ಭಾಗ: ಮೊದಲ ಕೆಲವು ಸೆಕೆಂಡುಗಳು.

ಒಂದು ದೊಡ್ಡ ಸ್ಥಾವರ ಏಕಾಏಕಿ ಟ್ರಿಪ್ ಆಯಿತು, ಅಂದರೆ ತಾನಾಗಿ ಗ್ರಿಡ್‌ನಿಂದ ಕಳಚಿಕೊಂಡಿತು ಅಂದುಕೊಳ್ಳಿ. ಯಾರೂ ಗುಂಡಿ ಒತ್ತುವ ಮೊದಲೇ ಗ್ರಿಡ್ ಹೇಗೆ ನಿಲ್ಲುತ್ತದೆ? ಕುಂಬಾರನ ತಿಗರಿ ನೋಡಿದ್ದರೆ ಗೊತ್ತಾಗುತ್ತದೆ. ಕೋಲಿನಿಂದ ತಿರುಗಿಸಿ ಬಿಟ್ಟ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ಮಣ್ಣು ಒತ್ತಿದಾಗ ನಿಧಾನ ಆಗುತ್ತದೆ, ಆದರೆ ತಟ್ಟನೆ ನಿಲ್ಲುವುದಿಲ್ಲ. ಕಲ್ಲಿದ್ದಲು, ಅನಿಲ, ಅಣು, ನೀರಿನ ಸ್ಥಾವರಗಳ ಜನರೇಟರ್‌ಗಳೂ ಹಾಗೆಯೇ. ನೂರಾರು ಟನ್ ಉಕ್ಕು, ಎಷ್ಟೋ ಯಂತ್ರಗಳಲ್ಲಿ ನಿಮಿಷಕ್ಕೆ 3,000 ಸುತ್ತು. ಒಂದು ಕೈಕೊಟ್ಟರೆ ಉಳಿದವುಗಳ ವೇಗದಲ್ಲಿರುವ ಶಕ್ತಿಯೇ ಆ ಕೊರತೆಯನ್ನು ತುಂಬುತ್ತದೆ. ಇದಕ್ಕೆ ಇನರ್ಷಿಯಾ ಅನ್ನುತ್ತಾರೆ. ಅದು ಕೊಡುವ ಸಮಯ ಕೆಲವೇ ಸೆಕೆಂಡು. ಅಷ್ಟರಲ್ಲಿ ಗವರ್ನರ್‌ಗಳು, ಅಂದರೆ ಯಂತ್ರದ ವೇಗ ನೋಡಿಕೊಳ್ಳುವ ಸಾಧನಗಳು, ಟರ್ಬೈನಿಗೆ ಹೆಚ್ಚು ಹಬೆಯನ್ನೋ ನೀರನ್ನೋ ಬಿಡುತ್ತವೆ. ಆಮೇಲೆ ನಿಮಿಷಗಳಲ್ಲಿ ಬೇರೆ ರಿಸರ್ವ್ ಘಟಕಗಳು ಬಂದು ಜಾಗ ತುಂಬುತ್ತವೆ.

ಸೋಲಾರ್‌ನಲ್ಲಿ ತಿರುಗುವುದು ಏನೂ ಇಲ್ಲ. ಗಾಳಿಯಂತ್ರ ತಿರುಗಿದರೂ ಹೊಸ ಯಂತ್ರಗಳು ಸೋಲಾರ್‌ನಂತೆ ಇನ್ವರ್ಟರ್ (ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಮೂಲಕವೇ ಗ್ರಿಡ್‌ಗೆ ಸೇರುವುದರಿಂದ ಆ ತೂಕದ ಲಾಭ ನೇರವಾಗಿ ಗ್ರಿಡ್‌ಗೆ ಸಿಗುವುದಿಲ್ಲ. ಹಾಗಾಗಿ ಇವು ಹೆಚ್ಚಾದಂತೆ ಫ್ರೀಕ್ವೆನ್ಸಿ ಬೀಳುವ ವೇಗ ಹೆಚ್ಚುತ್ತದೆ. ನಿಮ್ಮ ಎರಡನೇ ಪ್ರಶ್ನೆಯಲ್ಲಿ ಸತ್ಯ ಇರುವುದು ಇಲ್ಲೇ.

ಆದರೆ ಇನ್ವರ್ಟರ್ ಅಂದರೆ ಹೇಳಿದಂತೆ ಕೇಳುವ ಸಾಧನ. ಅದಕ್ಕೆ ನಾವು ಏನು ಹೇಳಿದ್ದೇವೆ ಅನ್ನುವುದೇ ಮುಖ್ಯ. ಜರ್ಮನಿಯ ಕಥೆ ನೋಡಿ. ಮನೆ ಮೇಲಿನ ಸೋಲಾರ್ ಇನ್ವರ್ಟರ್‌ಗಳಿಗೆ ಒಂದು ನಿಯಮ ಇತ್ತು: ಫ್ರೀಕ್ವೆನ್ಸಿ 50.2 ಮುಟ್ಟಿದ ತಕ್ಷಣ ಆಫ್ ಆಗಬೇಕು. ಮನೆಗಳು ಕೆಲವೇ ಇದ್ದಾಗ ಒಳ್ಳೆಯ ನಿಯಮ. ಲಕ್ಷಾಂತರ ಆದಾಗ ಅದೇ ಅಪಾಯ, ಯಾಕೆಂದರೆ ಎಲ್ಲವೂ ಒಂದೇ ಕ್ಷಣ ಆಫ್ ಆದರೆ ಸಾವಿರಾರು ಮೆಗಾವ್ಯಾಟ್ ಒಟ್ಟಿಗೆ ಮಾಯ. ಅನಾಹುತ ಆಗುವ ಮೊದಲೇ ಇದನ್ನು ಗಮನಿಸಿ, 2012ರಿಂದ ಲಕ್ಷಾಂತರ ಹಳೆಯ ಇನ್ವರ್ಟರ್‌ಗಳನ್ನು ಹುಡುಕಿ ಸರಿಪಡಿಸಿದರು. ಒಟ್ಟಿಗೆ ಬಿಡುವ ಬದಲು ಮೆಲ್ಲಗೆ ಇಳಿಯುವಂತೆ ಮಾಡಿದರು.

ದಕ್ಷಿಣ ಆಸ್ಟ್ರೇಲಿಯಾ ಪೆಟ್ಟು ತಿಂದೇ ಕಲಿಯಿತು. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ದೊಡ್ಡ ಲೈನಿನ ಟವರ್‌ಗಳು ಉರುಳಿದವು. ವೋಲ್ಟೇಜ್ ಪದೇ ಪದೇ ಕುಸಿಯಿತು. ಗಾಳಿಯಂತ್ರಗಳಲ್ಲಿ ಒಂದು ಸೆಟ್ಟಿಂಗ್ ಇತ್ತು: ಇಂಥ ಕುಸಿತವನ್ನು ಇಷ್ಟು ಸಲ ಮಾತ್ರ ತಡೆದುಕೊಳ್ಳಬೇಕು, ಆಮೇಲೆ ಹಿಂದೆ ಸರಿಯಬೇಕು. ಆ ಮಿತಿ ದಾಟಿತು, 456 ಮೆಗಾವ್ಯಾಟ್ ಹೋಯಿತು. ಪಕ್ಕದ ರಾಜ್ಯದಿಂದ ಬರುವ ಲೈನ್ ಆ ಹೊರೆ ತಾಳದೆ ಟ್ರಿಪ್ ಆಯಿತು. ಇಡೀ ರಾಜ್ಯ ಕತ್ತಲಾಯಿತು. ಆವತ್ತು ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಕೈಕೊಟ್ಟದ್ದು ಆ ಸೆಟ್ಟಿಂಗ್, ಮತ್ತು ಆ ಸೆಟ್ಟಿಂಗ್ ಇದೆ ಅನ್ನುವುದೇ ಗ್ರಿಡ್ ನಡೆಸುವವರಿಗೆ ಗೊತ್ತಿರಲಿಲ್ಲ. ಆ ಮಿತಿಗಳನ್ನು ಬದಲಾಯಿಸಿದರು. 2017ರ ಕೊನೆಗೆ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಬಂತು. ಆಮೇಲೆ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್ ಹಾಕಿದರು. ಅಂದರೆ ಇಂಧನ ಸುಡದೆ ಸುಮ್ನೆ ತಿರುಗುತ್ತಾ ಗ್ರಿಡ್‌ಗೆ ತೂಕ ಮತ್ತು ವೋಲ್ಟೇಜ್ ಬಲ ಕೊಡುವ ಭಾರೀ ಯಂತ್ರಗಳು. ಈಗ ಅದೇ ರಾಜ್ಯ ಜಗತ್ತಿನಲ್ಲೇ ಅತಿ ಹೆಚ್ಚು ಗಾಳಿ–ಸೋಲಾರ್ ಬಳಸುವ ಗ್ರಿಡ್‌ಗಳಲ್ಲಿ ಒಂದು.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಹಾಡಹಗಲೇ ಪೂರ್ತಿ ಬ್ಲ್ಯಾಕ್‌ಔಟ್ ಆದಾಗ, ಸೋಲಾರ್ ಜಾಸ್ತಿ ಆಗಿದ್ದಕ್ಕೇ ಹೀಗಾಯಿತು ಎಂದು ತಕ್ಷಣ ಸುದ್ದಿ ಹಬ್ಬಿತು. ತನಿಖೆಯಲ್ಲಿ ಕಂಡದ್ದು ವೋಲ್ಟೇಜ್ ಸಮಸ್ಯೆ. ವೋಲ್ಟೇಜ್ ಏರಿತು, ಅದರಿಂದ ಕೆಲವು ಸ್ಥಾವರ ಟ್ರಿಪ್ ಆದವು, ಅದರಿಂದ ಇನ್ನಷ್ಟು ಏರಿತು, ಇನ್ನಷ್ಟು ಟ್ರಿಪ್ ಆದವು. ವೋಲ್ಟೇಜ್ ಹಿಡಿದಿಡಬೇಕಿದ್ದ ಸಾಂಪ್ರದಾಯಿಕ ಸ್ಥಾವರಗಳು ಸಾಕಷ್ಟು ಮಾಡಲಿಲ್ಲ ಎಂದು ಸ್ಪೇನ್ ಸರ್ಕಾರದ ವರದಿ ಹೇಳಿತು. ಸೋಲಾರ್ ಸ್ಥಾವರಗಳ ಇನ್ವರ್ಟರ್‌ಗೆ ಆ ಕೆಲಸ ಮಾಡುವ ಶಕ್ತಿ ಇತ್ತು, ಆದರೆ ಅಲ್ಲಿನ ನಿಯಮ ಅವುಗಳಿಂದ ಅದನ್ನು ಕೇಳಿರಲೇ ಇಲ್ಲ! ಆ ಕೆಲಸ ಅವುಗಳಿಗೂ ವಹಿಸುವ ನಿಯಮ ಬಂದದ್ದು ಘಟನೆ ಆದ ಮೇಲೆ. ನನಗೆ ಬೇಸರ ಆಗುವುದು ಇಲ್ಲಿ. ಉಪಕರಣ ಕೈಯಲ್ಲೇ ಇದ್ದೂ, ಕಾಗದದ ಮೇಲಿನ ಎರಡು ಸಾಲು ಬದಲಾಗಲು ಕೋಟ್ಯಂತರ ಜನ ಕತ್ತಲಲ್ಲಿ ಕೂರಬೇಕಾಯಿತು.

ಇನ್ನೊಂದು ಮಾತು. ಇಲ್ಲಿಯವರೆಗಿನ ಹೆಚ್ಚಿನ ಇನ್ವರ್ಟರ್‌ಗಳು ಗ್ರಿಡ್ಡಿನ ತಾಳ ನೋಡಿ ಹೆಜ್ಜೆ ಹಾಕುವಂಥವು. ತಾಳವೇ ತಪ್ಪಿದರೆ ಅವೂ ತಪ್ಪುತ್ತವೆ. ಈಗ ಬರುತ್ತಿರುವ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್‌ಗಳು ತಾವೇ ತಾಳ ಹಾಕಬಲ್ಲವು. ದೊಡ್ಡ ಬ್ಯಾಟರಿಗಳಲ್ಲಿ ಇವನ್ನು ಬಳಸಲು ಶುರುಮಾಡಿದ್ದಾರೆ. ಮುಂದಿನ ವರ್ಷಗಳಲ್ಲಿ ನಾನು ಅತಿ ಹೆಚ್ಚು ನಂಬಿಕೆ ಇಟ್ಟಿರುವುದು ಇದರ ಮೇಲೆಯೇ.

ಸೆಕೆಂಡುಗಳ ವಿಷಯ ಆಯಿತು, ಇನ್ನು ಗಂಟೆಗಳು. ಮಧ್ಯಾಹ್ನ ಸೋಲಾರ್ ತುಂಬಿ ಹರಿಯುತ್ತದೆ. ಸಂಜೆ ಅದು ಬೀಳುವ ಹೊತ್ತಿಗೇ ಜನ ಮನೆಗೆ ಬಂದು ಲೋಡ್ ಏರುತ್ತದೆ. ಮಧ್ಯದ ಕೆಲವೇ ಗಂಟೆಗಳಲ್ಲಿ ಉಳಿದ ಸ್ಥಾವರಗಳು ಕಡಿದಾಗಿ ಏರಬೇಕು. ಕ್ಯಾಲಿಫೋರ್ನಿಯಾದ ಗ್ರಿಡ್ ಸಂಸ್ಥೆ 2013ರಲ್ಲಿ ಇದರ ಚಿತ್ರ ಬರೆದು ಎಚ್ಚರಿಸಿತ್ತು. ಆ ಗೆರೆ ಬಾತುಕೋಳಿಯಂತೆ ಕಂಡಿದ್ದಕ್ಕೆ ಡಕ್ ಕರ್ವ್ ಎಂಬ ಹೆಸರು ನಿಂತುಬಿಟ್ಟಿತು. ಅಲ್ಲಿ ಈಗ 10 ಸಾವಿರ ಮೆಗಾವ್ಯಾಟಿಗೂ ಮೀರಿ ಬ್ಯಾಟರಿ ಇದೆ. 2024ರ ಏಪ್ರಿಲ್‌ನ ಒಂದು ಸಂಜೆ ಸ್ವಲ್ಪ ಹೊತ್ತು ಬ್ಯಾಟರಿಗಳೇ ಅಲ್ಲಿನ ಗ್ರಿಡ್‌ಗೆ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಕೊಟ್ಟವು. ಹತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕಲ್ಲಿದ್ದಲು ಸ್ಥಾವರಗಳನ್ನು ಮಧ್ಯಾಹ್ನ ಇಳಿಸಿ ಸಂಜೆ ಏರಿಸುವುದೂ ಒಂದು ದಾರಿ. ಆದರೆ ಅವನ್ನು ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಬೆಂಕಿ ಸರಿಯಾಗಿ ಉರಿಯದು, ಬಾಯ್ಲರ್ ಬಿಸಿ–ತಣ್ಣಗೆ ಆಗಿ ಬೇಗ ಸವೆಯುತ್ತದೆ. ಆಗ ಸೋಲಾರನ್ನೇ ಸ್ವಲ್ಪ ನಿಲ್ಲಿಸಬೇಕಾಗುತ್ತದೆ. ಒಳ್ಳೆಯ ಕರೆಂಟ್ ಹಾಳಾಯಿತು ಅಂತ ಜನ ಕೋಪಿಸಿಕೊಳ್ಳುತ್ತಾರೆ. ವರ್ಷದಲ್ಲಿ ಕೆಲವು ಗಂಟೆ ಹೀಗೆ ಬಿಡುವುದು, ಆ ಕೆಲವೇ ಗಂಟೆಗಾಗಿ ಹೊಸ ಲೈನ್ ಎಳೆಯುವುದಕ್ಕಿಂತ ಅಗ್ಗ. ದಿನಾ ಬಿಡಬೇಕಾಗಿ ಬಂದರೆ ಮಾತ್ರ ಯೋಜನೆಯಲ್ಲಿ ತಪ್ಪಿದೆ ಎಂದರ್ಥ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಬಳಕೆಯನ್ನೇ ಸರಿಸುವುದು. ನೀರೆತ್ತುವ ಪಂಪು, ಗೀಸರ್, ಕೋಲ್ಡ್ ಸ್ಟೋರೇಜ್, ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್ ಇವಕ್ಕೆಲ್ಲ ಈ ನಿಮಿಷವೇ ಕರೆಂಟ್ ಬೇಕು ಅಂತೇನಿಲ್ಲ. ಮಧ್ಯಾಹ್ನದ ದರ ಕಡಿಮೆ, ಸಂಜೆಯ ದರ ಜಾಸ್ತಿ ಮಾಡಿ ನೋಡಿ, ಎಷ್ಟೋ ಲೋಡ್ ತಾನಾಗಿ ಸರಿಯುತ್ತದೆ. ಎಲ್ಲ ವಾಹನಗಳೂ ಸಂಜೆ ಏಳಕ್ಕೆ ಚಾರ್ಜಿಗೆ ಕೂತರೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅವೇ ವಾಹನಗಳು ಮಧ್ಯಾಹ್ನ ಚಾರ್ಜ್ ಆದರೆ ಗ್ರಿಡ್‌ಗೆ ಅದೇ ಉಪಕಾರ.

ಇನ್ನು ಸರಿಯಾದ ಉತ್ತರ ಸಿಗದ ಭಾಗ: ವಾರಗಳು ಮತ್ತು ಋತುಗಳು. ಚಳಿಗಾಲದಲ್ಲಿ ಉತ್ತರ ಯುರೋಪಿನಲ್ಲಿ ಬಿಸಿಲೂ ಇಲ್ಲದೆ, ಗಾಳಿಯೂ ಇಲ್ಲದೆ ದಿನಗಟ್ಟಲೆ ಕಳೆಯುವುದುಂಟು. ಸಾಮಾನ್ಯವಾಗಿ ನಾಲ್ಕು ಗಂಟೆ ಬರುವ ಬ್ಯಾಟರಿ ಅಲ್ಲಿ ಏನೂ ಮಾಡಲಾರದು. ದೊಡ್ಡ ಅಣೆಕಟ್ಟು, ದೂರದ ದೇಶದ ಲೈನ್, ಅಣು ವಿದ್ಯುತ್, ಅಪರೂಪಕ್ಕೆ ಓಡಿಸಲು ಇಟ್ಟುಕೊಂಡ ಅನಿಲ ಸ್ಥಾವರ ಸದ್ಯಕ್ಕೆ ಇರುವ ದಾರಿಗಳು. ಹೆಚ್ಚಾದ ಕರೆಂಟಿನಿಂದ ಹೈಡ್ರೋಜನ್ ಮಾಡಿಟ್ಟು ಮತ್ತೆ ಕರೆಂಟ್ ಮಾಡಬಹುದು, ಆದರೆ ಹೋಗಿ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಪಂಪ್ಡ್ ಸ್ಟೋರೇಜ್‌ನಲ್ಲಿ ಮುಕ್ಕಾಲು ಭಾಗದಷ್ಟು ವಾಪಸ್ ಸಿಗುತ್ತದೆ. ಹಾಗಾಗಿ ಯಾರಾದರೂ ಬ್ಯಾಟರಿ ಇದ್ದರೆ ಎಲ್ಲ ಮುಗಿಯಿತು ಅಂದರೆ, ಎಷ್ಟು ಹೊತ್ತಿಗೆ ಅಂತ ಕೇಳಿ. ಸೆಕೆಂಡಿಗಾದರೆ ಹೌದು, ಸಂಜೆಗಾದರೆ ಈಗಾಗಲೇ ಹೌದು. ಗಾಳಿ ಇಲ್ಲದ ಎರಡು ವಾರಕ್ಕಾದರೆ ಇನ್ನೂ ಇಲ್ಲ.