ಮಲೇರಿಯಾ ಮಾತ್ರೆ ನಡೆಯುತ್ತಿರುವಾಗ ವಿಟಮಿನ್ ಸಿ, ಇ ಕೊಡಬಹುದೇ?

ತಮ್ಮನಿಗೆ ಫಾಲ್ಸಿಪೇರಮ್ ಮಲೇರಿಯಾ (ಮಲೇರಿಯಾದ ಅಪಾಯಕಾರಿ ಬಗೆ), ಆರ್ಟಿಸುನೇಟ್ ಜೊತೆ ಸಲ್ಫಡಾಕ್ಸಿನ್-ಪೈರಿಮೆಥಮಿನ್ ಕೊಟ್ಟಿದ್ದಾರೆ, ಸುಸ್ತಿಗೆ ವಿಟಮಿನ್ ಸಿ 500 ಮಿ.ಗ್ರಾಂ ಮಾತ್ರೆ, ಇ 400 ಕ್ಯಾಪ್ಸೂಲ್ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆರ್ಟಿಸುನೇಟ್ ನುಂಗುವ ಮೂರು ದಿನವಂತೂ ಖಂಡಿತ ಬೇಡ. ಜ್ವರ ಬಿಟ್ಟು, ರಕ್ತ ಲೇಪನದಲ್ಲಿ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ರೋಗಾಣು ಕಾಣದಾಗುವವರೆಗೂ ಆ ಡಬ್ಬಿ ಮುಚ್ಚಿಯೇ ಇರಲಿ ಎನ್ನುತ್ತೇನೆ.

ಮಲೇರಿಯಾ ರೋಗಾಣು ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಕಬ್ಬಿಣವಿರುವ ಹೀಮ್ ಹೊರಬೀಳುತ್ತದೆ. ಆರ್ಟಿಸುನೇಟ್ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳ ಕೊಂಡಿಯೊಂದಿದೆ. ಆ ಕಬ್ಬಿಣ ತಾಗಿದಾಗ ಕೊಂಡಿ ಕಳಚಿ ಫ್ರೀ ರಾಡಿಕಲ್‌ಗಳು, ಅಂದರೆ ಸಿಕ್ಕಿದ್ದನ್ನೆಲ್ಲ ಕೆಡಿಸುವ ಚುರುಕು ಕಣಗಳು, ಹುಟ್ಟುತ್ತವೆ. ರೋಗಾಣುವಿನ ಪ್ರೋಟೀನುಗಳನ್ನು ಕೆಡಿಸಿ ಕೊಲ್ಲುವುದು ಅವೇ. ವಿಟಮಿನ್ ಸಿ, ಇಗಳಂಥ ಆ್ಯಂಟಿಆಕ್ಸಿಡೆಂಟ್‌ಗಳ ಕೆಲಸವೋ, ಇಂಥ ರಾಡಿಕಲ್‌ಗಳನ್ನು ತಣ್ಣಗಾಗಿಸುವುದು. ಇಲಿಗಳಿಗೆ ವಿಟಮಿನ್ ಇ ಇಲ್ಲದ ಆಹಾರ ಕೊಟ್ಟಾಗ ಮಲೇರಿಯಾ ಹಿಡಿತ ಸಡಿಲವಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಒಂದೆರಡು ವಿಟಮಿನ್ ಮಾತ್ರೆಯಿಂದ ಔಷಧ ಸೋತೇಬಿಡುತ್ತದೆ ಎಂದು ಸಾಬೀತಾಗಿಲ್ಲ. ಆದರೆ ಮೂರು ದಿನ ಬಿಟ್ಟರೆ ನಷ್ಟವಿಲ್ಲ, ಫಾಲ್ಸಿಪೇರಮ್ ಉಳಿದುಕೊಂಡರೆ ಜೀವಕ್ಕೇ ಅಪಾಯ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಫೋಲಿಕ್ ಆಮ್ಲದ್ದು. ಸಲ್ಫಡಾಕ್ಸಿನ್-ಪೈರಿಮೆಥಮಿನ್ ಕೊಲ್ಲುವುದೇ ರೋಗಾಣು ಬೆಳೆಯಲು ಬೇಕಾದ ಫೋಲೇಟ್ (ಫೋಲಿಕ್ ಆಮ್ಲದ ಬಗೆಯದೇ ವಿಟಮಿನ್) ತಯಾರಿಕೆಯನ್ನು ಕಟ್ಟಿಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 5 ಮಿ.ಗ್ರಾಂ ಫೋಲಿಕ್ ಮಾತ್ರೆ ಅದರ ಬಲ ಕುಗ್ಗಿಸುತ್ತದೆ. ಬಿ ಕಾಂಪ್ಲೆಕ್ಸ್, ಮಲ್ಟಿವಿಟಮಿನ್ ಪಟ್ಟಿಯ ಹಿಂಬದಿಯಲ್ಲಿ ಫೋಲಿಕ್ ಎಷ್ಟಿದೆ ಎಂದು ಓದಿ. ಮನೆಯಲ್ಲಿ ಬೇರೆ ಯಾರಾದರೂ ಗರ್ಭಿಣಿಗೆ ಮಲೇರಿಯಾ ಬಂದಿದ್ದರೆ ಫೋಲಿಕ್ ನಿಲ್ಲಿಸುವ ಮುನ್ನ ವೈದ್ಯರನ್ನೇ ಕೇಳಬೇಕು.

ಪ್ರೈಮಾಕ್ವಿನ್ ಎಂಬ ಇನ್ನೊಂದು ಮಲೇರಿಯಾ ಔಷಧವನ್ನೂ ಬರೆದಿದ್ದರೆ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಪರೀಕ್ಷೆಯ ಬಗ್ಗೆ ವಿಚಾರಿಸಿ. ಆ ಕಿಣ್ವದ ಕೊರತೆ ಇರುವವರಲ್ಲಿ ಪ್ರೈಮಾಕ್ವಿನ್ ರಕ್ತಕಣಗಳನ್ನು ಒಡೆಯುತ್ತದೆ. ಗ್ರಾಂಗಟ್ಟಲೆ ವಿಟಮಿನ್ ಸಿ ಕೂಡ ಅದನ್ನೇ ಮಾಡಬಲ್ಲದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಪ್ರೈಮಾಕ್ವಿನ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಊಟಕ್ಕೆ ಪಥ್ಯ ಬೇಕಿಲ್ಲ. ನಿಂಬೆ ಶರಬತ್ತು, ಕಿತ್ತಳೆ, ಸೊಪ್ಪಿನ ಸಾರು ಎಲ್ಲ ಕೊಡಿ. ಒಂದು ನಿಂಬೆಹಣ್ಣಿನ ರಸದಲ್ಲಿರುವ ವಿಟಮಿನ್ ಸಿ ಆ 500ರ ಮಾತ್ರೆಯ ಸಣ್ಣ ಪಾಲು ಅಷ್ಟೇ. ಏನಾದರೂ ತಿಂದ ಮೇಲೆಯೇ ಔಷಧ ಕೊಡಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ಬೇಕಾಗುತ್ತದೆ, ವೈದ್ಯರಿಗೆ ಫೋನ್ ಮಾಡಿ. ಎರಡನೇ ದಿನವೇ ಜ್ವರ ಇಳಿಯಿತೆಂದು ಮೂರನೇ ದಿನದ ಮಾತ್ರೆ ಉಳಿಸಬೇಡಿ.