ಆ ಕರಪತ್ರವನ್ನು ಹರಿದು ಎಸೆಯಬೇಡಿ

ಓದುಗರೊಬ್ಬರು ಬರೆದ ಪತ್ರದ ಸಾರ ಇದು: ಅವರ ಬಡಾವಣೆಯಲ್ಲಿ ಒಂದು ಸಮುದಾಯವನ್ನು ಹೀನಾಯವಾಗಿ ಬೈದ ಕರಪತ್ರಗಳನ್ನು ರಾತ್ರೋರಾತ್ರಿ ಮನೆಮನೆಯ ಬಾಗಿಲ ಸಂದಿಗೆ ತುರುಕಲಾಗಿದೆ. ಅದೇ ವಾರ ಆ ಸಮುದಾಯದ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಬಣ್ಣದಲ್ಲಿ ಬೆದರಿಕೆ ಗೀಚಲಾಗಿದೆ. ನಿವಾಸಿಗಳ ಸಂಘದಲ್ಲಿ ಅರ್ಧ ಜನ 'ಸುಮ್ಮನಿದ್ದರೆ ತಾನಾಗಿ ತಣ್ಣಗಾಗುತ್ತದೆ' ಎಂದರೆ, ಉಳಿದವರು 'ನಾವೂ ಎದುರು ಮೆರವಣಿಗೆ ತೆಗೆಯೋಣ' ಎನ್ನುತ್ತಿದ್ದಾರೆ. ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಗೋಡೆ ಕೆಡಿಸಿದ್ದು ಗೋಡೆ ಕೆಡಿಸಿದ್ದೇ, ಅದನ್ನು ದ್ವೇಷಾಪರಾಧ ಎಂದು ಬೇರೆ ಎಣಿಸುವುದೇಕೆ? ಈಗ ಮಾಡಬೇಕಾದ್ದೇನು? ಹಂಚಿದವರಲ್ಲಿ ನಮ್ಮದೇ ಬೀದಿಯ ಹುಡುಗನೊಬ್ಬನಿದ್ದಾನೆ, ಅವನನ್ನೇನು ಮಾಡುವುದು?

ಆತ್ಮೀಯರೇ,

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ದ್ವೇಷಾಪರಾಧ ಎನ್ನಿಸಿಕೊಳ್ಳಲು ಎರಡು ಅಂಶ ಕೂಡಬೇಕು: ನಡೆದದ್ದು ಕಾನೂನಿನ ಪ್ರಕಾರ ಅಪರಾಧವಾಗಿರಬೇಕು, ಮತ್ತು ಗುರಿಯನ್ನು ಆರಿಸಿದ್ದಕ್ಕೆ ಅವರ ಧರ್ಮ, ಜನಾಂಗ, ಜಾತಿ, ಅಂಗವೈಕಲ್ಯ, ಲೈಂಗಿಕತೆಯಂಥ ಗುರುತಿನ ಮೇಲಿನ ಪೂರ್ವಗ್ರಹ ಕಾರಣವಾಗಿರಬೇಕು. ಮನಸ್ಸಿನಲ್ಲಿ ಇದ್ದದ್ದಕ್ಕೆ ಶಿಕ್ಷೆಯೇ ಎಂಬ ಆಕ್ಷೇಪ ಹಳೆಯದು. ಅಮೆರಿಕದ ಸುಪ್ರೀಂ ಕೋರ್ಟ್ 1993ರಲ್ಲಿ ವಿಸ್ಕಾನ್ಸಿನ್ ವಿರುದ್ಧ ಮಿಚೆಲ್ ಪ್ರಕರಣದಲ್ಲಿ ಇದನ್ನೇ ವಿಚಾರಿಸಿ, ಇಂಥ ಉದ್ದೇಶಕ್ಕಾಗಿ ಶಿಕ್ಷೆ ಹೆಚ್ಚಿಸುವುದು ಸರಿ ಎಂದು ಒಮ್ಮತದ ತೀರ್ಪು ಕೊಟ್ಟಿತು. ಕೊಲೆಯಲ್ಲೂ ಪೂರ್ವಸಿದ್ಧತೆ ಇತ್ತೇ, ದುಡ್ಡಿಗಾಗಿ ಮಾಡಿದ್ದೇ ಎಂದು ನ್ಯಾಯಾಲಯಗಳು ನೋಡುತ್ತಲೇ ಬಂದಿವೆ. ಇನ್ನೊಂದು ಮಾತು: ಕಳ್ಳ ನಿಮ್ಮ ಮನೆಗೆ ನುಗ್ಗಿದರೆ ನಷ್ಟ ನಿಮ್ಮದು. ಆ ಗೋಡೆಯ ಬರಹ ಓದಿದ ಮೇಲೆ ಆ ಸಮುದಾಯದ ಪ್ರತಿ ಮನೆಯವರೂ ಮಕ್ಕಳನ್ನು ಸಂಜೆ ಹೊರಗೆ ಕಳಿಸಲು ಹಿಂಜರಿಯುತ್ತಾರೆ. ಗೀಚಿದವನಿಗೆ ಬೇಕಾಗಿದ್ದೂ ಅದೇ.

ಎರಡನೆಯ ಪ್ರಶ್ನೆಗೆ ಬರೋಣ. ನಿಮ್ಮ ಸಂಘದ ಎರಡೂ ಬಣಗಳ ಮಾತು ನಮಗೆ ಒಪ್ಪಿಗೆಯಿಲ್ಲ. ಸಂಘಟಿತ ದ್ವೇಷ ಕೆಲಸ ಮಾಡುವುದು ಪರೀಕ್ಷೆ ಮಾಡುತ್ತಾ. ಮೊದಲು ಕಾಗದ, ಆಮೇಲೆ ಗೋಡೆ, ಆಮೇಲೆ ಕಿಟಕಿ. ಯಾರೂ ಉಸಿರೆತ್ತದಿದ್ದರೆ ಮುಂದಿನ ಹೆಜ್ಜೆ. ಕರಪತ್ರವನ್ನು ರಾತ್ರಿ ಹಂಚುವುದಕ್ಕೂ ಕಾರಣವಿದೆ: ನಾಲ್ಕೈದು ಜನ ಸೇರಿ ನೂರಾರು ಮನೆ ಮುಟ್ಟಿದರೆ, ಬೆಳಿಗ್ಗೆ ಎದ್ದವರಿಗೆ ಇಡೀ ಊರೇ ಹೀಗೆ ಯೋಚಿಸುತ್ತಿದೆ ಎನ್ನಿಸುತ್ತದೆ. ಹಾಗಾಗಿ ಮೌನ ಅವರಿಗೆ ಸಮ್ಮತಿಯಾಗಿಯೇ ಕಾಣುತ್ತದೆ. ಎದುರು ಮೆರವಣಿಗೆಯೂ ಅವರಿಗೆ ಲಾಭವೇ. ನೂಕುನುಗ್ಗಲಿನ ಒಂದು ವಿಡಿಯೊ ಸಿಕ್ಕರೆ 'ನಮ್ಮ ಮೇಲೇ ಹಲ್ಲೆಯಾಯಿತು' ಎಂದು ಅದನ್ನೇ ತೋರಿಸಿ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ.

ಮಾಡಬೇಕಾದ ಮೊದಲ ಕೆಲಸ ನೀರಸವಾದದ್ದು, ಅದಕ್ಕೇ ಯಾರೂ ಮಾಡುವುದಿಲ್ಲ: ದಾಖಲೆ. ಸಿಟ್ಟಿನಲ್ಲಿ ಕರಪತ್ರ ಹರಿದು ಬಿಸಾಡಿದರೆ ಸಾಕ್ಷ್ಯವೂ ಅದರ ಜತೆಗೇ ಹೋಯಿತು. ಅಂಚು ಹಿಡಿದು ಎತ್ತಿ, ಕಾಗದದ ಲಕೋಟೆಗೆ ಹಾಕಿ; ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಗುರುತುಗಳು ಕೆಡುತ್ತವೆ. ಲಕೋಟೆಯ ಮೇಲೆ ಸಿಕ್ಕ ದಿನ, ಸಮಯ, ಸ್ಥಳ, ಎತ್ತಿದವರ ಹೆಸರು ಬರೆಯಿರಿ, ಮತ್ತು ಬರೆಯುವುದನ್ನು ಕಾಗದ ಒಳಗೆ ಹಾಕುವ ಮೊದಲೇ ಮುಗಿಸಿ. ಇಲ್ಲದಿದ್ದರೆ ಪೆನ್ನಿನ ಒತ್ತು ಒಳಗಿನ ಕಾಗದದ ಮೇಲೂ ಮೂಡುತ್ತದೆ. ಗೋಡೆಯ ಫೋಟೊ ಮೂರು ದೂರದಿಂದ ಬೇಕು: ಕಟ್ಟಡ ಯಾವುದೆಂದು ತಿಳಿಯುವಂತೆ ದೂರದಿಂದ ಒಂದು, ಪೂರ್ತಿ ಬರಹ ಕಾಣುವಂತೆ ಒಂದು, ಅಕ್ಷರದ ಪಕ್ಕ ಅಳತೆಪಟ್ಟಿ ಹಿಡಿದು ಹತ್ತಿರದಿಂದ ಒಂದು. ಕೆಳಗೆ ಬಿದ್ದ ಡಬ್ಬಿ, ಮುಚ್ಚಳ ಮುಟ್ಟಬೇಡಿ. ಅಕ್ಕಪಕ್ಕದ ಸಿಸಿಟಿವಿ ದೃಶ್ಯವನ್ನು ಅಂದೇ ಕೇಳಿ ತೆಗೆದಿಡಿಸಿ; ಎಷ್ಟೋ ಯಂತ್ರಗಳು ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ.

ಮೊಬೈಲಿನಲ್ಲಿ ಬಂದದ್ದಕ್ಕೆ ಬರೀ ಸ್ಕ್ರೀನ್‌ಶಾಟ್ ಸಾಲದು. ಖಾತೆಯ ಹೆಸರು, ವಿಳಾಸದ ಕೊಂಡಿ, ದಿನಾಂಕ ಕಾಣುವಂತೆ, ಆ ಖಾತೆಯ ಮುಖಪುಟದಿಂದ ಪೋಸ್ಟಿನವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ. ವಿಡಿಯೊ ಆದರೆ ಮೂಲ ಫೈಲನ್ನೇ ಇಟ್ಟುಕೊಳ್ಳಿ. ಫಾರ್ವರ್ಡ್ ಮಾಡಿದ ಪ್ರತಿಯಲ್ಲಿ ಯಾವಾಗ, ಎಲ್ಲಿ ತೆಗೆದದ್ದೆಂಬ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. 'ನೋಡಿ ಎಂಥ ಜನ' ಎಂದು ಖಂಡಿಸುವುದಕ್ಕೂ ಹಂಚಬೇಡಿ. ಹಂಚಿದರೆ ಅವರ ಪ್ರಚಾರವನ್ನು ನೀವೇ ಪುಕ್ಕಟೆ ಮಾಡಿದಂತೆ.

ದೂರು ಕೊಡುವಾಗ ಎಡವುವ ಜಾಗ ಒಂದೇ. 'ಕೆಟ್ಟದಾಗಿ ಬೈದರು' ಎಂದು ಬರೆದರೆ ಅದು ಕುಡುಕರ ಗಲಾಟೆಯ ಲೆಕ್ಕಕ್ಕೆ ಹೋಗುತ್ತದೆ. ಆಡಿದ ಮಾತನ್ನು, ಗೀಚಿದ ಪದವನ್ನು ಎಷ್ಟೇ ಅಸಹ್ಯವಾಗಿದ್ದರೂ ಅಕ್ಷರಶಃ ಬರೆಯಿರಿ. ಆ ದಿನ ಹಬ್ಬವಿತ್ತೇ, ಅದೇ ಸಾಲಿನ ಬೇರೆ ಕಟ್ಟಡಗಳನ್ನು ಬಿಟ್ಟು ಇದೊಂದನ್ನೇ ಆರಿಸಿದರೇ, ಕಳವು, ಹಳೆಯ ಜಗಳದಂಥ ಬೇರೆ ಕಾರಣವೇನಾದರೂ ಇತ್ತೇ, ಹಿಂದೆಯೂ ಹೀಗಾಗಿತ್ತೇ ಎಂಬುದನ್ನೂ ಸೇರಿಸಿ. ಪೂರ್ವಗ್ರಹವನ್ನು ಸಾಬೀತು ಮಾಡುವುದು ಇಂಥ ವಿವರಗಳೇ. ಸ್ವೀಕೃತಿಯ ಸಂಖ್ಯೆ ಪಡೆಯದೆ ಹೊರಬರಬೇಡಿ. ಏಟು ಬಿದ್ದವರಿದ್ದರೆ ಗಾಯದ ಫೋಟೊ ಅಂದೂ ತೆಗೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ ತೆಗೆಯಿರಿ. ಒಳಪೆಟ್ಟಿನ ಬಣ್ಣ ನಿಧಾನವಾಗಿ ಏರುತ್ತದೆ.

ತನಿಖೆ ಶುರುವಿನಲ್ಲಿ ಸೋತರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಸ್ಟೀಫನ್ ಲಾರೆನ್ಸ್ ಪ್ರಕರಣವಿದೆ. 1993ರ ಏಪ್ರಿಲ್ 22ರಂದು ಬಸ್ಸಿಗೆ ಕಾಯುತ್ತಿದ್ದ ಆ ಕಪ್ಪು ಯುವಕನನ್ನು ಬಿಳಿಯರ ಗುಂಪೊಂದು ಇರಿದು ಕೊಂದಿತು. ಶಂಕಿತರ ಹೆಸರು ಕೆಲವೇ ದಿನಗಳಲ್ಲಿ ಪೊಲೀಸರ ಕೈಗೆ ಬಂದಿದ್ದರೂ ಮೊದಲ ಬಂಧನವಾದದ್ದು ಮೇ 7ರಂದು. ಇಬ್ಬರಿಗೆ ಶಿಕ್ಷೆಯಾಗಲು 2012ರವರೆಗೆ ಕಾಯಬೇಕಾಯಿತು. ಈ ತನಿಖೆಯ ಲೋಪಗಳನ್ನು ವಿಚಾರಿಸಿದ 1999ರ ಮ್ಯಾಕ್‌ಫರ್ಸನ್ ವರದಿ ಪೊಲೀಸ್ ವ್ಯವಸ್ಥೆಯಲ್ಲೇ ಜನಾಂಗಭೇದ ಬೇರೂರಿದೆ ಎಂದಿತು. ಜತೆಗೆ, ಬಾಧಿತರಾಗಲಿ ಬೇರೆ ಯಾರಾಗಲಿ ಘಟನೆಯನ್ನು ಜನಾಂಗದ್ವೇಷದ್ದೆಂದು ಭಾವಿಸಿದರೆ, ಮೊದಲಿಗೆ ಹಾಗೆಂದೇ ದಾಖಲಿಸಬೇಕೆಂದು ಸೂಚಿಸಿತು.

ದಾಖಲೆ ಮುಗಿದ ಕೂಡಲೇ ಗೋಡೆ ಶುಚಿಯಾಗಬೇಕು. ಪ್ರತಿಭಟನೆಯ ಗುರುತಾಗಿ ಹಾಗೇ ಇರಲಿ ಎನ್ನುವವರಿದ್ದಾರೆ. ದಿನಾ ಅದರ ಮುಂದೆ ಹಾದುಹೋಗುವವರು ಅವರಲ್ಲ. ಬಣ್ಣ ಬಳಿದ ಗೋಡೆಯಾದರೆ ಮೇಲೆ ಮತ್ತೊಂದು ಕೈ ಬಳಿದರಾಯಿತು. ಬರಿ ಕಲ್ಲು, ಇಟ್ಟಿಗೆಯಾದರೆ ಥಿನ್ನರ್ ಸುರಿಯಬೇಡಿ, ಬಣ್ಣ ಕರಗಿ ರಂಧ್ರಗಳಿಗಿಳಿದು ಅಕ್ಷರದ ನೆರಳು ಉಳಿದುಬಿಡುತ್ತದೆ. ಮೂಲೆಯಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ಈ ಕೆಲಸಕ್ಕೆ ಆ ಸಮುದಾಯದವರನ್ನಷ್ಟೇ ಬಿಡದೆ ಎಲ್ಲರೂ ಕೈಹಾಕಿ. ಆದರೆ ಮೊದಲು ಅವರನ್ನು ಕೇಳಿ: ಏನು ಬೇಕು, ಏನು ಬೇಡ? ಕೆಲವರಿಗೆ ಸಭೆ ಬೇಡವಾಗಿರುತ್ತದೆ, ಠಾಣೆಗೆ ಜತೆಗೊಬ್ಬರು ಬಂದರೆ ಸಾಕಾಗಿರುತ್ತದೆ. ಅವರನ್ನು ವೇದಿಕೆ ಹತ್ತಿಸಿ ಫೋಟೊ ತೆಗೆಸುವ ಉತ್ಸಾಹಿಗಳನ್ನು ದಯವಿಟ್ಟು ದೂರವಿಡಿ.

ಸಾರ್ವಜನಿಕವಾಗಿ ಹೇಳುವುದಿದ್ದರೆ ನಾಲ್ಕು ಸಾಲು ಸಾಕು, ಕೆಳಗೆ ಸಹಿಗಳು ಹೆಚ್ಚಿರಲಿ: 'ನಮ್ಮ ನೆರೆಯವರ ಮಂದಿರದ ಗೋಡೆಗೆ ಬೆದರಿಕೆ ಬರೆಯಲಾಗಿದೆ. ದೂರು ದಾಖಲಾಗಿದೆ. ಅವರು ಇಲ್ಲಿಯವರು, ನಾವು ಅವರ ಜತೆಗಿದ್ದೇವೆ. ಮಾಹಿತಿ ಇದ್ದವರು ಠಾಣೆಗೆ ತಿಳಿಸಿ.' ಕರಪತ್ರದ ಆರೋಪಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸುತ್ತಾ ಹೋಗಬೇಡಿ. ಓದಿದವರ ನೆನಪಿನಲ್ಲಿ ಆರೋಪವೇ ಉಳಿದುಬಿಡಬಹುದು. ಸುಳ್ಳನ್ನು ಸರಿಪಡಿಸಲೇಬೇಕಾದಾಗ ನಿಜದಿಂದ ಶುರುಮಾಡಿ, ಸುಳ್ಳನ್ನು ಒಮ್ಮೆ ಮಾತ್ರ ಹೇಳಿ, ಮತ್ತೆ ನಿಜಕ್ಕೆ ಬಂದು ನಿಲ್ಲಿಸಿ.

ಪತ್ರಿಕೆಯವರಾಗಿ ನಮಗೆ ಇಷ್ಟವಾದ ಉದಾಹರಣೆ ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರಿನದು. 1993ರ ಡಿಸೆಂಬರಿನಲ್ಲಿ ಅಲ್ಲಿ ಐದು ವರ್ಷದ ಯಹೂದಿ ಬಾಲಕನೊಬ್ಬನ ಕೋಣೆಯ ಕಿಟಕಿ ಒಡೆದು ಕಾಂಕ್ರೀಟ್ ತುಂಡು ಒಳಬಿತ್ತು. ಕಿಟಕಿಯಲ್ಲಿ ಅವರ ಹನುಕ್ಕಾ ಹಬ್ಬದ ದೀಪದ ಗುರುತು ಇತ್ತು ಎಂಬುದೇ ಕಾರಣ. ಬಿಲ್ಲಿಂಗ್ಸ್ ಗೆಜೆಟ್ ಪತ್ರಿಕೆ ಆ ದೀಪದ ಚಿತ್ರವನ್ನು ಇಡೀ ಪುಟಕ್ಕೆ ಅಚ್ಚುಹಾಕಿತು, ಯಹೂದಿಗಳಲ್ಲದ ಸಾವಿರಾರು ಮನೆಯವರು ಅದನ್ನು ತಮ್ಮ ಕಿಟಕಿಗಳಿಗೆ ಅಂಟಿಸಿಕೊಂಡರು. ಅಂಟಿಸಿದವರಲ್ಲಿ ಕೆಲವರ ಕಿಟಕಿಗಳೂ ಒಡೆದವು, ಆದರೂ ಊರು ಹಿಂದೆ ಸರಿಯಲಿಲ್ಲ. ಜರ್ಮನಿಯ ವುನ್‌ಸೀಡೆಲ್‌ನವರು 2014ರಲ್ಲಿ ಇನ್ನೂ ತುಂಟತನ ಮಾಡಿದರು. ಹಿಟ್ಲರನ ಸಿದ್ಧಾಂತವನ್ನು ಇಂದಿಗೂ ಹಿಡಿದಿರುವ ನವನಾಜಿಗಳು ಅಲ್ಲಿ ಮೆರವಣಿಗೆಯಲ್ಲಿ ನಡೆದ ಪ್ರತಿ ಮೀಟರಿಗೆ 10 ಯೂರೊ ಎಂದು ದಾನಿಗಳಿಂದ ಬರೆಸಿಕೊಂಡು, ಒಟ್ಟು 10,000 ಯೂರೊ ಕೂಡಿಸಿ, ಆ ಗುಂಪುಗಳಿಂದ ಹೊರಬರುವವರಿಗೆ ನೆರವಾಗುವ ಎಕ್ಸಿಟ್ ಡಾಯ್ಚ್‌ಲಾಂಡ್ ಸಂಸ್ಥೆಗೆ ಕೊಟ್ಟರು. ಮೆರವಣಿಗೆಯವರು ಪ್ರತಿ ಹೆಜ್ಜೆಯಲ್ಲೂ ತಮ್ಮದೇ ವಿರೋಧಿಗಳಿಗೆ ಹಣ ಕೂಡಿಸಿಕೊಟ್ಟರು.

ಹಿಂದಿರುವ ಸಂಘಟನೆಯ ವಿಚಾರದಲ್ಲಿ, ಕ್ರಿಮಿನಲ್ ಕೇಸಿನಷ್ಟೇ ಸಿವಿಲ್ ದಾವೆಯನ್ನೂ ವಕೀಲರ ಜತೆ ಚರ್ಚಿಸಿ. 1981ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ನಗರದಲ್ಲಿ, ಕಪ್ಪು ಜನರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಸದಸ್ಯರು ಮೈಕಲ್ ಡೊನಾಲ್ಡ್ ಎಂಬ ಕಪ್ಪು ಯುವಕನನ್ನು ಕೊಂದಾಗ, ಅವನ ತಾಯಿ ಇಡೀ ಸಂಘಟನೆಯ ಮೇಲೇ ದಾವೆ ಹೂಡಿದರು. 1987ರಲ್ಲಿ 70 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂದು, ಯುನೈಟೆಡ್ ಕ್ಲಾನ್ಸ್ ಎಂಬ ಆ ಸಂಘಟನೆ ತನ್ನ ಕೇಂದ್ರ ಕಚೇರಿಯ ಕಟ್ಟಡವನ್ನೇ ಆ ತಾಯಿಗೆ ಬಿಟ್ಟುಕೊಡಬೇಕಾಯಿತು.

ಇನ್ನು ಆ ಹುಡುಗ. ಅವನು ಅಪರಾಧದಲ್ಲಿ ಕೈಯಾಡಿಸಿದ್ದರೆ ಕಾನೂನಿಗೆ ಉತ್ತರ ಕೊಡಲಿ, ಅದರಲ್ಲಿ ರಿಯಾಯಿತಿ ಬೇಡ. ಆದರೆ ಇಂಥ ಗುಂಪುಗಳಿಗೆ ಹೋಗುವ ಎಳೆಯರಲ್ಲಿ ಎಷ್ಟೋ ಮಂದಿ ಮೊದಲು ಹೋಗುವುದು ಸ್ನೇಹಕ್ಕೆ, ಕೆಲಸವಿಲ್ಲದ ಸಂಜೆಗಳಿಗೆ, ಯಾರೋ 'ತಮ್ಮಾ ಬಾ' ಎಂದು ಕರೆದರೆಂಬ ಖುಷಿಗೆ. ಸಿದ್ಧಾಂತ ಆಮೇಲೆ ಮೆತ್ತಿಕೊಳ್ಳುತ್ತದೆ. ಅವನ ಫೋಟೊ ಹಾಕಿ ಊರಿಗೆಲ್ಲ ಸಾರಿದರೆ ಅವನಿಗೆ ಉಳಿಯುವ ಮನೆ ಆ ಗುಂಪೊಂದೇ. ಅವನು ಗೌರವಿಸುವವರು ಯಾರಿದ್ದಾರೆ ನೋಡಿ: ಹಳೆಯ ಮೇಷ್ಟ್ರೋ, ಆಟದ ತರಬೇತುದಾರನೋ, ಸೋದರಮಾವನೋ. ಅವರೊಬ್ಬರೇ ಮಾತಾಡಲಿ, ಗುಂಪಾಗಿ ಹೋಗಬೇಡಿ. ವಾದದಲ್ಲಿ ಸೋಲಿಸುವ ಯತ್ನವೂ ಬೇಡ. ವಾದಕ್ಕೆ ಅವನನ್ನು ಆಗಲೇ ತಯಾರು ಮಾಡಿರುತ್ತಾರೆ. 'ಅಲ್ಲಿ ನಿನಗೆ ಏನು ಸಿಗುತ್ತಿದೆ? ಬಿಡಬೇಕೆನಿಸಿದರೆ ಯಾರು ಬಿಡಗೊಡುವುದಿಲ್ಲ?' ಎಂದು ಕೇಳಿ, ಉತ್ತರಕ್ಕೆ ಕಾಯಲಿ. ಎರಡನೆಯ ಪ್ರಶ್ನೆಗೆ ಅವನು ಹೆದರಿದಂತೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಟ್ಟು ಬರುವವರ ಮೇಲೆ ಮೊದಲು ಕೈಮಾಡುವವರು ಹಳೆಯ ಜತೆಗಾರರೇ. ಆಗ ಅವನಿಗೆ ಬೇಕಾಗುವುದು ಹೊಸ ಫೋನ್ ನಂಬರು, ಕೆಲವು ತಿಂಗಳು ಬೇರೆ ಊರಿನ ಸಂಬಂಧಿಕರ ಮನೆ, ಮತ್ತು ಒಂದು ಕೆಲಸ.

— ಸಂ.