ನಿರಾಕರಣೆಗೆ ಉತ್ತರಿಸುವ ಲೇಖನದ ಬಗ್ಗೆ

ಮಾನ್ಯರೇ,

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ‘ಕಂಫರ್ಟ್ ಸ್ಟೇಷನ್’ಗಳಲ್ಲಿ ಲೈಂಗಿಕ ಗುಲಾಮರನ್ನಾಗಿ ಇರಿಸಿಕೊಂಡ ಮಹಿಳೆಯರನ್ನೂ, ಅಂಥ ಬಲವಂತವೇ ನಡೆದಿಲ್ಲವೆನ್ನುವ ಅಲ್ಲಿನ ರಾಷ್ಟ್ರವಾದಿಗಳನ್ನೂ ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಎದುರಿಸಲು ಹೊರಟವರು ಈ ಲೇಖನವನ್ನು ಸುಲಭವಾಗಿ ತಳ್ಳಿಹಾಕಬಲ್ಲರು.

ಮೊದಲು ಯೋಶಿದಾ ಸೇಜಿ ಎಂಬ ಜಪಾನಿಯ ಸಾಕ್ಷ್ಯವನ್ನು ಪೂರ್ತಿಯಾಗಿ ತೆಗೆಯಿರಿ. ಕೊರಿಯಾದ ಜೆಜು ದ್ವೀಪದಲ್ಲಿ ತಾನೇ ಹೆಂಗಸರನ್ನು ಹಿಡಿದೊಯ್ದೆನೆಂಬ ಅವನ ಮಾತು ನಂಬಲರ್ಹವಲ್ಲವೆಂದು ಜಪಾನಿನ ಅಸಾಹಿ ಶಿಂಬುನ್ ಪತ್ರಿಕೆಯೇ 2014ರ ಆಗಸ್ಟ್‌ನಲ್ಲಿ ತನ್ನ ಹಳೆಯ ವರದಿಗಳನ್ನು ಹಿಂತೆಗೆದುಕೊಂಡಿದೆ. ಒಂದಗುಳು ಹಿಸುಕಿ ಇಡೀ ಅನ್ನವೇ ಬೆಂದಿಲ್ಲವೆನ್ನುವುದು ನಿರಾಕರಿಸುವವರ ರೀತಿ. ಆ ಅಗುಳನ್ನು ನಾವೇ ಅವರ ಕೈಗೆ ಇಡುವುದೇಕೆ? ‘ಎರಡು ಲಕ್ಷ’ ಎಂಬ ನಿಮ್ಮ ಖಚಿತ ಸಂಖ್ಯೆಗೂ ಇದೇ ಮಾತು ಅನ್ವಯಿಸುತ್ತದೆ. ಸೋಲಿನ ಹೊತ್ತಿಗೆ ಕಡತಗಳನ್ನು ಸುಡಲಾಗಿತ್ತು, ಅಂದಾಜುಗಳು ಇಪ್ಪತ್ತು ಸಾವಿರದಿಂದ ಎರಡು ಲಕ್ಷದವರೆಗೂ ಇವೆ, ಹಾಗೆಂದೇ ಬರೆಯಿರಿ.

ಇದಕ್ಕಿಂತ ದೊಡ್ಡ ಕೊರತೆ ಎಂದರೆ, ನೀವು ಎದುರಾಳಿ ಗೆರೆ ಎಳೆದ ಅಂಗಳದಲ್ಲೇ ವಾದಿಸುತ್ತಿದ್ದೀರಿ. ಸೈನಿಕರು ಮನೆಗೆ ನುಗ್ಗಿ ಎಳೆದೊಯ್ದುದಕ್ಕೆ ಸರ್ಕಾರಿ ದಾಖಲೆ ಇದೆಯೇ ಎಂಬುದೊಂದೇ ಅವರ ಪ್ರಶ್ನೆ. ಅಂಥ ದಾಖಲೆ ಸಿಕ್ಕಿಲ್ಲವೆಂದು 2007ರ ಮಾರ್ಚ್‌ನಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆಯವರ ಸರ್ಕಾರ ಕೊಟ್ಟ ಉತ್ತರವೂ ಈ ಇಕ್ಕಟ್ಟಾದ ಅರ್ಥಕ್ಕೇ ಸೀಮಿತವಾಗಿತ್ತು. ಆ ಅರ್ಥದಲ್ಲಿಯೂ ಅವರ ವಾದ ನಿಲ್ಲುವುದಿಲ್ಲ: 1944ರಲ್ಲಿ ಜಾವಾದ ಸೆಮರಾಂಗ್‌ನಲ್ಲಿ ಡಚ್ ಮಹಿಳೆಯರನ್ನು ಬಂಧನ ಶಿಬಿರಗಳಿಂದ ಒಯ್ದ ಅಧಿಕಾರಿಗಳಿಗೆ ಬಟಾವಿಯಾದ (ಈಗಿನ ಜಕಾರ್ತಾ) ಯುದ್ಧಾಪರಾಧ ನ್ಯಾಯಾಲಯ 1948ರಲ್ಲಿ ಶಿಕ್ಷೆ ವಿಧಿಸಿತ್ತು. ಆದರೆ ಮೋಸ, ಸಾಲ, ಹಿಂದಿರುಗಲಾಗದ ದೂರ, ಇವೂ ಬಲವಂತವೇ ಎಂಬುದನ್ನು ನಿಮ್ಮ ಲೇಖನ ಹೇಳಬೇಕಿತ್ತು.

ಅದಕ್ಕೆ ಬೇಕಾದ ದಾಖಲೆಯನ್ನು ನಿರಾಕರಿಸುವವರೇ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಬರ್ಮಾದ ಮಿಚಿನಾದಲ್ಲಿ ಸೆರೆಸಿಕ್ಕ 20 ಕೊರಿಯನ್ ಯುವತಿಯರನ್ನು ಅಮೆರಿಕದ ಸೇನೆ 1944ರಲ್ಲಿ ನಮ್ಮ ಅಸ್ಸಾಮಿನ ಲೇಡೊದಲ್ಲಿ ವಿಚಾರಿಸಿ ಬರೆದ ವರದಿ ಅದು. ‘ಇವರು ವೇಶ್ಯೆಯರಷ್ಟೇ’ ಎಂಬರ್ಥದ ಆರಂಭದ ವಾಕ್ಯವನ್ನು ಅವರು ಎತ್ತಿ ಹಿಡಿಯುತ್ತಾರೆ. ನೀವೋ ವರದಿಯೇ ಪಕ್ಷಪಾತದ್ದೆಂದು ಒಂದು ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ, ಬ್ಯಾಂಡೇಜು ಸುತ್ತುವ ಕೆಲಸವೆಂದು ನಂಬಿಸಿ ಕರೆತಂದರೆಂಬುದೂ, ಮನೆಯವರಿಗೆ ಕೊಟ್ಟ ಕೆಲವು ನೂರು ಯೆನ್ ಮುಂಗಡವೇ ಅವರನ್ನು ಕಟ್ಟಿಹಾಕಿತೆಂಬುದೂ ಅದೇ ವರದಿಯಲ್ಲಿವೆ. ವಿರೋಧಿ ಅರ್ಧಕ್ಕೆ ನಿಲ್ಲಿಸಿದ ಪುಟವನ್ನು ಕೊನೆಯವರೆಗೆ ಓದಿ ತೋರಿಸುವುದು ನಿಮ್ಮ ಕೆಲಸವಾಗಿತ್ತು.

ಹೀಗೆ ಸೇನೆಯ ವಶದಲ್ಲಿದ್ದು ಬದುಕುಳಿದ ಕೊರಿಯಾದ ಕಿಮ್ ಹಾಕ್-ಸುನ್ ಅವರ ಮೇಲಿನ ಅತ್ಯಾಚಾರವನ್ನು ನೀವು ಕಲ್ಪಿಸಿಕೊಂಡು ವರ್ಣಿಸಿದ ಭಾಗ ಖಂಡಿತ ಬೇಡ. ಅವರು ಆಡಿದ ಮಾತುಗಳಿರುವಾಗ ನಮ್ಮ ಅಲಂಕಾರ ಯಾರಿಗಾಗಿ? ಅವರು ಕಿಸೆಂಗ್, ಅಂದರೆ ಔತಣಕೂಟಗಳಲ್ಲಿ ಹಾಡಿ ಕುಣಿದು ರಂಜಿಸುವ ಕಲಾವಿದೆಯಾಗಲು ತರಬೇತಿ ಪಡೆದಿದ್ದರೆಂಬುದನ್ನು ನೀವು ಬಿಟ್ಟಿರುವುದು ಮುಜುಗರದಿಂದ ಎಂದು ಕಾಣುತ್ತದೆ. ಅದನ್ನು ಸೇರಿಸಿ. ಹಾಡು-ನೃತ್ಯ ಕಲಿತವಳನ್ನು ಸೇನೆ ಕೂಡಿಹಾಕಿದರೆ ಅಪರಾಧ ಕಡಿಮೆಯಾಗುವುದಿಲ್ಲ.

ಲೇಖನವನ್ನು ಘಟನೆಗಳ ಕ್ರಮದಲ್ಲೇ ಕಟ್ಟಿ. ಆ ಹೆಂಗಸರನ್ನು ಖಾಸಗಿ ದಲ್ಲಾಳಿಗಳು ಕರೆದೊಯ್ದರೆಂದು ಜಪಾನ್ ಸರ್ಕಾರ 1990ರ ಜೂನ್‌ನಲ್ಲಿ ಸಂಸತ್ತಿನಲ್ಲಿ ಹೇಳಿತು. ಆ ಸುಳ್ಳಿಗೆ ಕೆರಳಿ ಕಿಮ್ 1991ರ ಆಗಸ್ಟ್ 14ರಂದು ಸಿಯೋಲ್‌ನಲ್ಲಿ ತಮ್ಮ ಹೆಸರು ಹೇಳಿಕೊಂಡೇ ಮಾತನಾಡಿದರು. ಅದನ್ನು ಕೇಳಿದ ಇತಿಹಾಸಕಾರ ಯೋಶಿಮಿ ಯೋಶಿಯಾಕಿ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲಿ ಕಡತಗಳನ್ನು ಹುಡುಕಿದರು. ಅಲ್ಲಿ ಸಿಕ್ಕ 1938ರ ಮಾರ್ಚ್ 4ರ ಸೇನಾ ಸೂಚನೆ, ನೇಮಕಾತಿಯವರ ನಡವಳಿಕೆ ಅಪಹರಣದಂತಿದ್ದು ಸೇನೆಯ ಮಾನ ಹೋಗುತ್ತಿದೆ, ಆದ್ದರಿಂದ ದಲ್ಲಾಳಿಗಳ ಆಯ್ಕೆಯನ್ನು ಸೇನೆಯೇ ನಿಯಂತ್ರಿಸಬೇಕು ಎನ್ನುತ್ತದೆ. 1992ರ ಜನವರಿ 11ರಂದು ಇವು ಪತ್ರಿಕೆಯಲ್ಲಿ ಬಂದವು. ಅದೇ ತಿಂಗಳು ಪ್ರಧಾನಿ ಮಿಯಾಜಾವಾ ಸಿಯೋಲ್‌ನಲ್ಲಿ ಕ್ಷಮೆ ಕೇಳಿದರು.

ಯೋಶಿಮಿ ಜಪಾನಿನವರೇ ಎಂಬುದನ್ನು ಗಮನಿಸಿ, ‘ಜಪಾನೀಯರ ಕ್ರೌರ್ಯ’ ಎಂದು ನೀವು ಬರೆದಲ್ಲೆಲ್ಲ ಸೇನೆ, ಸರ್ಕಾರ ಅಥವಾ ನಿರಾಕರಿಸುವ ಗುಂಪು ಎಂದು ತಿದ್ದಿ. ನಮ್ಮ ದೇಶದ ರಾಜಕಾರಣಕ್ಕೆ ಹೊರಳುವ ಕೊನೆಯ ಎರಡು ಪ್ಯಾರಾಗಳನ್ನು ಕೈಬಿಟ್ಟು, ಹೊಸ ಪ್ರತಿಯನ್ನು ಕಳುಹಿಸಿದರೆ ನಾನೇ ಓದುತ್ತೇನೆ.

ಸಂಪಾದಕ